ಬೀದರ್–ಹೈದರಾಬಾದ್ ಬೆಳಗಿನ ಬಸ್ಸು: ಮೂರೂವರೆ ಸ್ಟಾರ್

ಮೂರು ವರ್ಷದಿಂದ ತಿಂಗಳಿಗೊಮ್ಮೆ ನಾನೂ ನಮ್ಮ ಮನೆಯಾಕೆಯೂ ಬೀದರ್‌ನಿಂದ ಹೈದರಾಬಾದಿಗೆ ಬೆಳಗಿನ ಬಸ್ಸಿನಲ್ಲಿ ಹೋಗಿಬರುತ್ತೇವೆ. ಮಗಳ ಮನೆ ಮಿಯಾಪುರದಲ್ಲಿದೆ. ಮೊಮ್ಮಗಳಿಗೆ ಆರು ವರ್ಷ. ಒಂದು ತಿಂಗಳು ತಪ್ಪಿದರೆ ಫೋನಿನಲ್ಲೇ ಜಗಳ. ಈ ದಾರಿಯಲ್ಲಿ ಕರ್ನಾಟಕದ ಬಸ್ಸುಗಳೂ ಓಡುತ್ತವೆ, ತೆಲಂಗಾಣದ ಬಸ್ಸುಗಳೂ ಓಡುತ್ತವೆ, ನಡುವೆ ಬಾಡಿಗೆ ಕಾರಿನವರು ಬೇರೆ. ಎಲ್ಲದರಲ್ಲೂ ಕೂತು ನೋಡಿದ್ದಾಗಿದೆ. ಕೆಳಗೆ ಒಂದು ಬಸ್ಸಿನ ಮೇಲೆ ದೂರು ಇದೆ. ಅದು ಯಾರ ಬಸ್ಸು ಅಂತ ಹೇಳುವುದಿಲ್ಲ. ಮುಂದಿನ ತಿಂಗಳೂ ಅದನ್ನೇ ಹತ್ತಬೇಕಲ್ವಾ.

ಇನ್ನೊಂದು ಮಾತು ಮೊದಲೇ ಹೇಳಿಬಿಡಬೇಕು. ನಾನು ಸರ್ವೆ ಇಲಾಖೆಯಲ್ಲಿ 34 ವರ್ಷ ದುಡಿದವನು. ಹೊಲ ಅಳೆದು, ಹದ್ದುಬಸ್ತು ಮಾಡಿ, ಅಂದರೆ ಗಡಿ ಗುರುತಿಸಿ, ಬಾಂದುಕಲ್ಲು ಅನ್ನುವ ಗಡಿಕಲ್ಲು ನೆಡಿಸಿ ಬರುವುದೇ ಕೆಲಸ. ಶುರುವಿನಲ್ಲಿ ಕೈಯಲ್ಲಿ 33 ಅಡಿಯ ಸರಪಳಿ. ಅದಕ್ಕೆ 16 ಭಾಗ, ಒಂದೊಂದು ಭಾಗಕ್ಕೆ ಆಣೆ ಅಂತ ಹೆಸರು. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲ ಅಂದರೆ ಒಂದು ಗುಂಟೆ. ಎರಡು ಆಣೆ ಜಾಗಕ್ಕೆ, ಅಂದರೆ ನಾಲ್ಕು ಅಡಿ ಚಿಲ್ಲರೆಗೆ, ಅಣ್ಣತಮ್ಮಂದಿರು ಹತ್ತು ವರ್ಷ ಮಾತು ಬಿಟ್ಟಿದ್ದನ್ನು ನೋಡಿದ್ದೇನೆ. ಹಾಗಾಗಿ ಕಿಟಕಿ ಪಕ್ಕ ಕೂತರೆ ನನ್ನ ಕಣ್ಣು ಸುಮ್ನೆ ಇರುವುದಿಲ್ಲ. ಈ ಊರು ಎಲ್ಲಿ ಮುಗಿಯಿತು, ಆ ಊರು ಎಲ್ಲಿ ಶುರುವಾಯಿತು ಅಂತ ಹುಡುಕುತ್ತಲೇ ಇರುತ್ತದೆ. ಬಸ್ಸಿನ ರಿವ್ಯೂ ಓದಲು ಬಂದವರು ಇದನ್ನೂ ಸ್ವಲ್ಪ ಸಹಿಸಿಕೊಳ್ಳಬೇಕು.

ಮೊದಲು ಬಸ್ಸಿನ ವಿಷಯ ಮುಗಿಸುತ್ತೇನೆ. ದೂರ ಹೆಚ್ಚುಕಡಿಮೆ 140 ಕಿಲೋಮೀಟರ್. ಸೀಟು ಪರವಾಗಿಲ್ಲ. ಮೂವರು ಕೂರುವ ಸೀಟಿನಲ್ಲಿ ಇಬ್ಬರೇ ಸಿಕ್ಕರೆ ನಿದ್ದೆಯೂ ಬರುತ್ತದೆ. ಹಿಂದಿನ ಚಕ್ರದ ಮೇಲಿನ ಸೀಟು ಮಾತ್ರ ಬೇಡ. ಮೊಣಕಾಲು ಎದೆಗೆ ಬರುತ್ತದೆ. ಬೆಳಗಿನ ಬಸ್ಸಾದರೆ ಬಲಗಡೆ, ಡ್ರೈವರ್ ಸಾಲಿನಲ್ಲಿ ಸೀಟು ಹಿಡಿಯಿರಿ. ಜಹೀರಾಬಾದ್ ತನಕ ರಸ್ತೆ ದಕ್ಷಿಣಕ್ಕೆ ಇಳಿಯುತ್ತದೆ, ಬಿಸಿಲೆಲ್ಲ ಎಡಗಡೆಯವರ ಮುಖಕ್ಕೆ. ಕಿಟಕಿಯ ಗಾಜು ಸರಿಯುತ್ತದೋ ಇಲ್ಲವೋ ಅಂತ ಕೂರುವ ಮೊದಲೇ ಒಮ್ಮೆ ಎಳೆದು ನೋಡಿ. ಒಮ್ಮೆ ಸಿಕ್ಕಿಹಾಕಿಕೊಂಡ ಗಾಜಿನ ಪಕ್ಕ ಕೂತು ಡಿಸೆಂಬರ್ ಚಳಿಗೆ ಮಫ್ಲರ್ ಎಲ್ಲ ಬಿಗಿದುಕೊಂಡು ಹೋಗಿದ್ದೇನೆ. ಬೀದರಿನ ಚಳಿ ಗೊತ್ತಲ್ಲ. ಟಿಕೆಟ್ ದರ ಆಗಾಗ ಬದಲಾಗುತ್ತದೆ, ಅದನ್ನು ಬರೆಯುವುದಿಲ್ಲ.

ಜಹೀರಾಬಾದಿಗೆ ಸುಮಾರು 30 ಕಿಲೋಮೀಟರ್. ಬೀದರಿನ ಕೆಂಪು ಮಣ್ಣು, ಮಂಜು, ಹೊಲಗಳು. ಇಲ್ಲಿ ಎಲ್ಲವೂ ನನ್ನಂಥವನ ಮನಸ್ಸಿಗೆ ಒಪ್ಪುವ ಹಾಗಿದೆ. ಒಂದು ಊರು ಮುಗಿಯುತ್ತದೆ, ಹೊಲ ಬರುತ್ತದೆ, ಹಳ್ಳ ಬರುತ್ತದೆ, ಆಮೇಲೆ ಇನ್ನೊಂದು ಊರು. ನಡುವೆ ಎಲ್ಲೋ ರಾಜ್ಯದ ಗಡಿ ದಾಟುತ್ತೇವೆ. ಬೋರ್ಡು ಇದೆ, ಆದರೆ ಎಲ್ಲರಿಗೂ ಗೊತ್ತಾಗುವುದು ಜೇಬಿನಲ್ಲಿ ಫೋನು ಟಣ್ ಅಂದಾಗ. ಅಂಗಡಿಯ ಬೋರ್ಡು ಕನ್ನಡದಿಂದ ತೆಲುಗಿಗೆ ತಿರುಗುತ್ತದೆ. ಅಕ್ಷರಗಳ ದುಂಡು ಒಂದೇ ಥರ ಇರುವುದರಿಂದ ಅರೆನಿದ್ದೆಯಲ್ಲಿ ಇದ್ದವರಿಗೆ ಅದೂ ಗೊತ್ತಾಗುವುದಿಲ್ಲ. ಜಹೀರಾಬಾದ್ ಬಸ್ ಸ್ಟ್ಯಾಂಡಿನಲ್ಲಿ ಚಹಾ ಮಾರುವವನಿಗೆ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಚಿಲ್ಲರೆ ಕೊಡುತ್ತಾನೆ. ಅದರಲ್ಲಿ ಆಶ್ಚರ್ಯ ಏನಿಲ್ಲ. 1956ರ ತನಕ ಜಹೀರಾಬಾದ್ ನಮ್ಮ ಬೀದರ್ ಜಿಲ್ಲೆಯ ತಾಲ್ಲೂಕೇ ಆಗಿತ್ತು. ರಾಜ್ಯಗಳನ್ನು ಬೇರೆ ಮಾಡಿದಾಗ ನಿರ್ಣಾ ಸರ್ಕಲ್ (ಸರ್ಕಲ್ ಅಂದರೆ ಕಂದಾಯದ ಲೆಕ್ಕದಲ್ಲಿ ಕೆಲವು ಹಳ್ಳಿಗಳ ಗುಂಪು) ಒಂದನ್ನು ಬಿಟ್ಟು ಇಡೀ ಜಹೀರಾಬಾದ್ ತಾಲ್ಲೂಕು ಆ ಕಡೆ ಹೋಯಿತು. ಬೀದರ್ ತಾಲ್ಲೂಕಿನ ನ್ಯಾಲಕಲ್ ಸರ್ಕಲ್ ಹೋಯಿತು, ನಾರಾಯಣಖೇಡ ಹೋಯಿತು. ಹಳೇ ಕಾಗದಗಳಲ್ಲಿ 'ತಾಲ್ಲೂಕಾ ಜಹೀರಾಬಾದ್, ಜಿಲ್ಲಾ ಬೀದರ್' ಅಂತ ಉರ್ದುವಿನಲ್ಲಿ ಬರೆದದ್ದನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ. ಕಾಗದದ ಮೇಲೆ ಗೆರೆ ಎಳೆದರು, ಅಷ್ಟೆ. ಚಹಾದವನ ಬಾಯಿ ಇನ್ನೂ ಹಳೇ ಜಿಲ್ಲೆಯಲ್ಲೇ ಇದೆ.

ಇಲ್ಲಿ ಬಸ್ಸು ಹತ್ತು ನಿಮಿಷ ನಿಲ್ಲುತ್ತದೆ. ಚಹಾ ಚೆನ್ನಾಗಿದೆ, ಮಿರ್ಚಿ ಬಜ್ಜಿ ಬೆಳಗ್ಗೆ ಬೆಳಗ್ಗೆ ಬೇಡ. ಬುತ್ತಿ ಇದ್ದರೆ ಇಲ್ಲೇ ಬಿಚ್ಚಿ. ನಮ್ಮಾಕೆ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡೇ ಬರುತ್ತಾಳೆ. ಶೌಚಾಲಯಕ್ಕೂ ಇಲ್ಲೇ ಹೋಗಿಬನ್ನಿ. ಮುಂದೆ ಸಿಗುವುದು ಖಾತ್ರಿಯಿಲ್ಲ. ಈ ವಿಷಯಕ್ಕೆ ಕಾಲು ಸ್ಟಾರ್ ಕಟ್.

ಜಹೀರಾಬಾದಿನಿಂದ ಬಸ್ಸು 65ನೇ ನಂಬರಿನ ಹೆದ್ದಾರಿ ಹಿಡಿಯುತ್ತದೆ. ಪುಣೆಯಿಂದ ಮಚಲೀಪಟ್ಟಣದ ತನಕ ಹೋಗುವ ರಸ್ತೆ. ಮಹೀಂದ್ರಾ ಟ್ರ್ಯಾಕ್ಟರ್ ಕಾರ್ಖಾನೆ, ಆಮೇಲೆ ಸದಾಶಿವಪೇಟ, ಅಲ್ಲಿ ಟೈರಿನ ಕಾರ್ಖಾನೆ. ನಿದ್ದೆ ಮಾಡುವವರು ಇಲ್ಲೇ ಮಾಡಬೇಕು. ರಸ್ತೆ ಚಂದ, ಡ್ರೈವರ್‌ಗೂ ಖುಷಿ. ಸಂಗಾರೆಡ್ಡಿಯ ಪೋತಿರೆಡ್ಡಿಪಲ್ಲಿ ಕ್ರಾಸ್ ಬರುವ ಹೊತ್ತಿಗೆ ಎಂಟು ಗಂಟೆ. ಅಲ್ಲಿಗೆ ಬಸ್ಸು 80 ಕಿಲೋಮೀಟರ್ ಓಡಿರುತ್ತದೆ, ಹಿಡಿದದ್ದು ಎರಡೇ ಗಂಟೆ. ಉಳಿದ 60 ಕಿಲೋಮೀಟರಿಗೆ ಇನ್ನೂ ಎರಡು ಗಂಟೆಗಿಂತ ಜಾಸ್ತಿ ಬೇಕು. ಯಾಕೆ ಅಂತ ಕೇಳಿದರೆ ಇಲ್ಲಿಂದಲೇ ನನ್ನ ತಲೆಬಿಸಿ ಶುರು.

ಸಂಗಾರೆಡ್ಡಿ ದಾಟಿದರೆ ಕಂದಿ. ಅಲ್ಲಿ ಐಐಟಿ. ಹೆಸರು ಐಐಟಿ ಹೈದರಾಬಾದ್, ಇರುವುದು ಸಂಗಾರೆಡ್ಡಿ ಪಕ್ಕದಲ್ಲಿ. ಆಮೇಲೆ ರುದ್ರಾರಂ, ಇಸ್ನಾಪುರ, ಮುತ್ತಂಗಿ. ಒಂದು ಕಾಲೇಜು, ಎರಡು ಫ್ಯಾಕ್ಟರಿ, ನಾಲ್ಕು ಅಪಾರ್ಟ್‌ಮೆಂಟು, ಒಂದು ಖಾಲಿ ಪ್ಲಾಟು, ಪ್ಲಾಟಿನಲ್ಲಿ ಎಮ್ಮೆ, ಮತ್ತೆ ಅಪಾರ್ಟ್‌ಮೆಂಟು. ಹೊಲ ಅಂತ ಕರೆಯುವ ಹಾಗೂ ಇಲ್ಲ, ಊರು ಅನ್ನುವ ಹಾಗೂ ಇಲ್ಲ. ಮುತ್ತಂಗಿ ಹತ್ತಿರ ಔಟರ್ ರಿಂಗ್ ರೋಡು ತಲೆ ಮೇಲೆ ಹಾದುಹೋಗುತ್ತದೆ. ಊರಿನ ಸುತ್ತ 158 ಕಿಲೋಮೀಟರ್, ಎಂಟು ಲೇನು. ಮೊದಲ ಸಲ ನೋಡಿದಾಗ, ಸದ್ಯ, ಹೈದರಾಬಾದಿಗೆ ಒಂದು ಬೇಲಿಯಾದರೂ ಹಾಕಿದರಲ್ಲ ಅಂದುಕೊಂಡೆ. ಬೇಲಿಯ ಆಚೆಗೂ ಅದೇ ಅಪಾರ್ಟ್‌ಮೆಂಟು, ಈಚೆಗೂ ಅದೇ. ಈಗ ಇನ್ನೂ ಹೊರಗೆ, ಸಂಗಾರೆಡ್ಡಿ ಕಡೆ ಹಾದುಹೋಗುವ ಹಾಗೆ ಮತ್ತೊಂದು ರಿಂಗ್ ರೋಡಿನ ಯೋಜನೆ ಇದೆ. ಬೇಲಿ ನಮ್ಮ ಕಡೆಗೇ ನಡೆದುಕೊಂಡು ಬರುತ್ತಿದೆ.

ಈಗ ದೂರಿನ ವಿಷಯ.

ಹೋದ ವರ್ಷ ಮಳೆಗಾಲ. ಹೈದರಾಬಾದ್ ಟಿಕೆಟ್ ತೆಗೆದು ಕೂತಿದ್ದೆವು. ಪಟಾಂಚೆರು ಮಾರ್ಕೆಟ್ ಹತ್ತಿರ ಬಸ್ಸಿನ ಕೆಳಗಿಂದ ಕಟಕಟ ಸದ್ದು ಬಂತು, ಬಸ್ಸು ನಿಂತಿತು. ಡ್ರೈವರ್ ಕೆಳಗಿಳಿದು ಬಗ್ಗಿ ನೋಡಿ ತಲೆ ಅಲ್ಲಾಡಿಸಿದ. ಇಂಥ ಹೊತ್ತಿನಲ್ಲಿ ಹಿಂದಿನಿಂದ ಬರುವ ಬಸ್ಸಿಗೆ ಹತ್ತಿಸಬೇಕು, ಅದು ವಾಡಿಕೆ. ನಮ್ಮ ಕಂಡಕ್ಟರ್ ಬಾಗಿಲ ಬಳಿ ನಿಂತು ಎಲ್ಲರಿಗೂ ಕೇಳುವ ಹಾಗೆ ಹೇಳಿದ:

"ಹೈದ್ರಾಬಾದ್ ಬಂತ್ರಿ, ಇಳೀರಿ. ಇಲ್ಲಿಂದ ಸಿಟಿ ಬಸ್ ಭಾಳ ಅವ."

ನಾನು ಟಿಕೆಟ್ ತೋರಿಸಿದೆ. "ಇದು ಪಟಾಂಚೆರು ಅದ. ನಾ ಹೈದ್ರಾಬಾದಿಗೆ ರೊಕ್ಕ ಕೊಟ್ಟೀನಿ."

ಅವನು ನನ್ನ ಮುಖ ನೋಡಿದ. ಎದುರಿನ ಪಾಲಿಕೆಯ ಕಸದ ಗಾಡಿ ತೋರಿಸಿದ. ಅದರ ಮೇಲೆ ಹೈದರಾಬಾದ್ ಪಾಲಿಕೆಯ ಹೆಸರು ದೊಡ್ಡದಾಗಿ ಬರೆದಿತ್ತು. "ಕಾಕಾ, ನೀವೇ ಓದ್ರಿ. ಇದು ಹೈದ್ರಾಬಾದೇ ಅದ."

ಬೇರೆ ಯಾರಾದರೂ ಆಗಿದ್ದರೆ ಜಗಳ ಗೆಲ್ಲುತ್ತಿದ್ದರೇನೋ. ನಾನು ಸೋತೆ, ಯಾಕೆಂದರೆ ಅವನು ಹೇಳಿದ್ದು ಕಾಗದದ ಪ್ರಕಾರ ಸರಿ ಅಂತ ನನಗೇ ಗೊತ್ತಿತ್ತು. 2007ರಲ್ಲಿ ಹಳೇ ಹೈದರಾಬಾದ್ ಪಾಲಿಕೆಗೆ ಸುತ್ತಲಿನ 12 ಪುರಸಭೆ, 8 ಗ್ರಾಮ ಪಂಚಾಯಿತಿಗಳನ್ನು ಸೇರಿಸಿ ಗ್ರೇಟರ್ ಹೈದರಾಬಾದ್ ಮಾಡಿದರು. ಆ ಹನ್ನೆರಡರಲ್ಲಿ ಪಟಾಂಚೆರುವೂ ಒಂದು. ಕುಕಟಪಲ್ಲಿ, ಶೇರಿಲಿಂಗಂಪಲ್ಲಿ, ರಾಮಚಂದ್ರಾಪುರ, ಮಲ್ಕಾಜಗಿರಿ, ಉಪ್ಪಲ್ ಎಲ್ಲವೂ ಹಾಗೆ ಸೇರಿದವೇ. ಆದರೆ ಜಿಲ್ಲೆಯ ಲೆಕ್ಕ ತೆಗೆದರೆ ಪಟಾಂಚೆರು ಇರುವುದು ಸಂಗಾರೆಡ್ಡಿ ಜಿಲ್ಲೆಯಲ್ಲಿ. ಹೈದರಾಬಾದಿನ ದೊಡ್ಡ ಬಸ್ ಸ್ಟ್ಯಾಂಡ್ ಇಮ್ಲಿಬನ್ ಅಲ್ಲಿಂದ 30 ಕಿಲೋಮೀಟರ್ ದೂರ. ಒಂದೇ ಜಾಗದ ಮೇಲೆ ಎರಡು ಊರಿನ ಹೆಸರು. ಹೊಲವಾಗಿದ್ದರೆ ನಾನೇ ನೋಟಿಸು ಕೊಟ್ಟು, ಪಕ್ಕದ ಹೊಲದವರನ್ನು ಕರೆಸಿ, ಪಂಚನಾಮೆ ಮಾಡಿ ಮುಗಿಸುತ್ತಿದ್ದೆ. ಮಳೆಯಲ್ಲಿ ಕೈಯಲ್ಲಿ ಬುತ್ತಿ ಚೀಲ ಹಿಡಿದುಕೊಂಡು ಏನು ಪಂಚನಾಮೆ?

ಕಂಡಕ್ಟರ್ ಮಾತಿನಲ್ಲಿ ಸೋತೆ, ಆದರೆ ದುಡ್ಡು ವಾಪಸ್ ಕೊಡದೆ ಇದ್ದದ್ದು ತಪ್ಪು. ಅದಕ್ಕೆ ಒಂದು ಸ್ಟಾರ್ ಕಟ್. ಉಳಿದ ದಾರಿಯ ದುಡ್ಡು ಕೇಳಿದ್ದಕ್ಕೆ "ಹೈದ್ರಾಬಾದ್ ಟಿಕೆಟ್, ಹೈದ್ರಾಬಾದಿಗೆ ಬಿಟ್ಟೀನಿ" ಅಂದು ನಕ್ಕುಬಿಟ್ಟ. ಆ ನಗು ಇನ್ನೂ ಕಣ್ಣಮುಂದೆ ಇದೆ.

218 ನಂಬರಿನ ಸಿಟಿ ಬಸ್ಸು ಹತ್ತಿದೆವು. ಪಟಾಂಚೆರುವಿನಿಂದ ಕೋಠಿಗೆ ಹೋಗುವ ಬಸ್ಸು. ಅಲ್ಲಿ ನಮ್ಮಾಕೆಗೆ ಬೇರೆ ಥರದ ಗಡಿ ಸಿಕ್ಕಿತು. ನಮ್ಮ ಕಡೆ 2023ರ ಜೂನ್‌ನಿಂದ ಹೆಂಗಸರಿಗೆ ಶಕ್ತಿ ಯೋಜನೆ, ಬಸ್ಸು ಫ್ರೀ. ತೆಲಂಗಾಣದಲ್ಲಿ ಅದೇ ವರ್ಷದ ಡಿಸೆಂಬರ್‌ನಿಂದ ಮಹಾಲಕ್ಷ್ಮಿ, ಅಲ್ಲೂ ಫ್ರೀ. ಆದರೆ ಅಂತರರಾಜ್ಯ ಬಸ್ಸಿನಲ್ಲಿ ನಮ್ಮ ಶಕ್ತಿ ನಡೆಯುವುದಿಲ್ಲ, ತೆಲಂಗಾಣದ ಮಹಾಲಕ್ಷ್ಮಿಗೆ ತೆಲಂಗಾಣದ ವಿಳಾಸ ಬೇಕು. ಸಿಟಿ ಬಸ್ಸು ತುಂಬ ಹೆಂಗಸರು, ಎಲ್ಲರ ಕೈಯಲ್ಲೂ ಜೀರೋ ಟಿಕೆಟ್. ನಮ್ಮಾಕೆ ಆಧಾರ್ ಕಾರ್ಡು ತೆಗೆದಳು. ಕಂಡಕ್ಟರಮ್ಮ ಒಮ್ಮೆ ನೋಡಿ, "ಕರ್ನಾಟಕಾನಾ?" ಅಂದಳು. ಟಿಕೆಟ್ ಹರಿದು ಕೊಟ್ಟಳು. ಅವಳ ತಪ್ಪೇನಿಲ್ಲ. ನಮ್ಮಾಕೆ ಕಾರ್ಡನ್ನು ಪರ್ಸಿಗೆ ಹಾಕಿಕೊಂಡು ನನ್ನ ಕಡೆ ತಿರುಗಿ ಹೇಳಿದ್ದು ಇಷ್ಟೇ: "ನಾ ಎಲ್ಲಿ ಹೋದ್ರೂ ಬೀದರದಾಕೀನೇ ಬಿಡ್ರಿ."

ಆ ಬಸ್ಸು ಕುಂಟುತ್ತ ಹೋಗುವಾಗ ಹಳೇದೆಲ್ಲ ನೆನಪಾಯಿತು. 1970ರ ಸುಮಾರಿಗೆ ಅಪ್ಪನ ಜೊತೆ ಮೊದಲ ಸಲ ಇದೇ ದಾರಿಯಲ್ಲಿ ಬಂದಿದ್ದೆ. ನನಗೆ ಒಂಬತ್ತು ವರ್ಷ. ಅಪ್ಪ ಹೈದರಾಬಾದ್ ಅಂತ ಕರೆಯುತ್ತಿರಲಿಲ್ಲ, 'ಶಹರ' ಅನ್ನುತ್ತಿದ್ದರು. ನಿಜಾಮನ ಕಾಲದಲ್ಲಿ ಹುಟ್ಟಿದವರಿಗೆ ಇನ್ನೊಂದು ಶಹರ ಗೊತ್ತಿರಲಿಲ್ಲ. ಎರ್ರಗಡ್ಡ ಬಂದಾಗ ನನ್ನ ಭುಜ ತಟ್ಟಿ ಎಬ್ಬಿಸಿ, "ಏಳು, ಶಹರ ಬಂತು" ಅಂದರು. ಅದಕ್ಕೂ ಮೊದಲು ಕಂಡದ್ದು ಕಲ್ಲುಬಂಡೆ, ಹೊಲ, ಅಲ್ಲಲ್ಲಿ ಕೆರೆ. ಆಗ ಬಸ್ಸು ಗೌಲಿಗುಡದ ದೊಡ್ಡ ತಗಡಿನ ಶೆಡ್ಡಿನಲ್ಲಿ ನಿಲ್ಲುತ್ತಿತ್ತು. ಆ ಶೆಡ್ಡು 2018ರಲ್ಲಿ ಕುಸಿದುಬಿತ್ತು. ನೌಕರಿ ಸಿಕ್ಕ ಹೊಸದರಲ್ಲಿ ಒಬ್ಬನೇ ಬಂದಾಗ ಕುಕಟಪಲ್ಲಿಯಲ್ಲೇ 'ಬಂತು' ಅಂತ ಚೀಲ ಕೈಗೆ ತೆಗೆದುಕೊಳ್ಳುತ್ತಿದ್ದೆ. ಮಗಳ ಮದುವೆಯಾದ ಮೇಲೆ ಮಿಯಾಪುರ. ಈಗ ಮೊಮ್ಮಗಳು ರಜೆಗೆ ಬೀದರಿಗೆ ಬಂದು ನಮ್ಮ ಜೊತೆ ವಾಪಸ್ ಹೋಗುವಾಗ ರಿಂಗ್ ರೋಡಿನ ಸೇತುವೆ ಕಂಡ ಕೂಡಲೇ "ಅಜ್ಜಾ, ನಮ್ಮೂರು" ಅನ್ನುತ್ತಾಳೆ. ಎರ್ರಗಡ್ಡದಿಂದ ಮುತ್ತಂಗಿಗೆ 20 ಕಿಲೋಮೀಟರಿಗಿಂತ ಜಾಸ್ತಿ. ಅಪ್ಪ ನೆಟ್ಟ ಕಲ್ಲನ್ನು ಮೊಮ್ಮಗಳು ಅಷ್ಟು ದೂರ ಸರಿಸಿದ್ದಾಳೆ. ಹೊಲದವರು ಯಾರಾದರೂ ಹೀಗೆ ಮಾಡಿದ್ದರೆ ಪೊಲೀಸ್ ಕೇಸು ಆಗುತ್ತಿತ್ತು.

ಪಟಾಂಚೆರು ಅಂದರೆ ನಮ್ಮ ಕಡೆಯ ರೈತರಿಗೆ ಊರೇ ಅಲ್ಲ, ಇಕ್ರಿಸ್ಯಾಟ್. 1972ರಲ್ಲಿ ಶುರುವಾದ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಕೇಂದ್ರ. ಜೋಳ, ತೊಗರಿ, ಕಡಲೆ, ಶೇಂಗಾ, ಅಂದರೆ ನಮ್ಮ ಊಟದ ತಟ್ಟೆಯೇ. ತೊಗರಿಗೆ ನೆಟೆ ರೋಗ ಬಂದು ನಿಂತ ನಿಂತ ಗಿಡ ಒಣಗುತ್ತಿದ್ದ ಕಾಲದಲ್ಲಿ ಮಾರುತಿ ಅನ್ನುವ ತಳಿ ಬಂದು ಎಷ್ಟೋ ಮನೆ ಉಳಿಸಿತು. ಅದು ಬಂದದ್ದು ಅಲ್ಲಿಂದಲೇ. ಕೆಲಸದ ಮೇಲೆ ಒಮ್ಮೆ ಅದರ ಕಡೆ ಹೋಗಿದ್ದಾಗ ಸುತ್ತ ಬರೀ ಬಯಲು. ಈಗ ಆ ಪ್ರಯೋಗದ ಹೊಲಗಳೇ ಆ ಭಾಗದಲ್ಲಿ ಉಳಿದ ದೊಡ್ಡ ಹಸಿರು. ಊರು ಬೆಳೆದು ಹೊಲವನ್ನು ನಡುವೆ ಬಿಟ್ಟು ಮುಂದೆ ಹೋಗಿದೆ.

ಮಗಳ ಅಪಾರ್ಟ್‌ಮೆಂಟಿನಲ್ಲಿ ನಗರ ಯೋಜನೆ ಓದುವ ಹುಡುಗನೊಬ್ಬ ಇದ್ದಾನೆ. ನನ್ನ ಪಟಾಂಚೆರು ಕತೆ ಕೇಳಿ ಹೊಟ್ಟೆ ಹಿಡಿದು ನಕ್ಕ. ಆಮೇಲೆ ಒಂದು ಪದ ಹೇಳಿದ, ಕನರ್ಬೇಶನ್ ಅಂತ. ಬೇರೆ ಬೇರೆ ಊರುಗಳು ಬೆಳೆದು ಬೆಳೆದು ಒಂದಕ್ಕೊಂದು ಅಂಟಿಕೊಂಡು ನಡುವೆ ಜಾಗವೇ ಉಳಿಯದೆ ಹೋದರೆ ಅದಕ್ಕೆ ಆ ಹೆಸರು. 1915ರಲ್ಲಿ ಪ್ಯಾಟ್ರಿಕ್ ಗೆಡ್ಡೆಸ್ ಅನ್ನುವ ಸ್ಕಾಟ್ಲೆಂಡಿನವನು ಕೊಟ್ಟ ಪದವಂತೆ. ಆತ ನಮ್ಮ ದೇಶಕ್ಕೂ ಬಂದು ಎಷ್ಟೋ ಊರುಗಳ ಗಲ್ಲಿ ಗಲ್ಲಿ ನಡೆದು ವರದಿ ಬರೆದ. ನಡೆದು ನೋಡಿದ ಅನ್ನುವುದಕ್ಕೇ ನನಗೆ ಆ ಮನುಷ್ಯನ ಮೇಲೆ ಗೌರವ. ಸರ್ವೆಯರ್‌ಗೆ ಕಾಲೇ ಮುಖ್ಯ.

ಹಾಗೆ ನೋಡಿದರೆ ಹೈದರಾಬಾದಿಗೆ ಇದು ಹೊಸದಲ್ಲ. ಹೈದರಾಬಾದ್ 1591ರ ಊರು. ಸಿಕಂದರಾಬಾದ್ 1806ರಲ್ಲಿ ಬ್ರಿಟಿಷರ ದಂಡು ಇಳಿದ ಜಾಗ, ನಿಜಾಮ ಸಿಕಂದರ್ ಜಾನ ಹೆಸರಿನದು. ನಡುವೆ ಹುಸೇನ್ ಸಾಗರ. ಕೆರೆಯ ಏರಿ ಮೇಲೆ ರಸ್ತೆ. 1960ರಲ್ಲಿ ಎರಡೂ ಪಾಲಿಕೆಗಳನ್ನು ಒಂದು ಮಾಡಿದರು, ಆದರೂ ಸಿಕಂದರಾಬಾದಿನ ದಂಡು ಪ್ರದೇಶಕ್ಕೆ ಬೇರೆಯೇ ಬೋರ್ಡು. ಅಲ್ಲಿ ಕನಿಷ್ಠ ಒಂದು ಕೆರೆ ಇದೆ. 'ಏರಿ ದಾಟಿದರೆ ಸಿಕಂದರಾಬಾದ್' ಅಂತ ಕುರುಡನಿಗೂ ಹೇಳಬಹುದು. ಪಟಾಂಚೆರು ದಾರಿಯಲ್ಲಿ ಅಂಥ ಕೆರೆಯೂ ಇಲ್ಲ.

ನಮ್ಮ ರಾಜ್ಯದ ಹುಬ್ಬಳ್ಳಿ-ಧಾರವಾಡ ಇದಕ್ಕೆ ಉಲ್ಟಾ. 1962ರಲ್ಲಿ ಎರಡನ್ನೂ ಸೇರಿಸಿ ಒಂದೇ ಪಾಲಿಕೆ ಮಾಡಿದರು. ನಡುವೆ 20 ಕಿಲೋಮೀಟರ್, ಅದರಲ್ಲಿ ನವನಗರ, ಈಗ ಚಿಗರಿ ಬಸ್ಸಿಗೆ ಬೇರೆ ರಸ್ತೆಯೇ ಇದೆ. ಆದರೆ ಧಾರವಾಡದವರನ್ನು ಹುಬ್ಬಳ್ಳಿಯವರು ಅಂದು ನೋಡಿ, ಮುಖ ಗಂಟಿಕ್ಕುತ್ತಾರೆ. ಕಾಗದದಲ್ಲಿ ಒಂದು, ಬಾಯಲ್ಲಿ ಎರಡು. ತಮ್ಮ ಇರುವ ಪಿಂಪ್ರಿ ಕಡೆ ಹೋದರೆ ಪುಣೆಗೂ ಪಿಂಪ್ರಿ-ಚಿಂಚವಾಡಕ್ಕೂ ಎರಡು ಪಾಲಿಕೆ, ನಡುವೆ ದಾಪೋಡಿಯ ಸೇತುವೆ, ಕೆಳಗೆ ಮುಳಾ ನದಿ. ಸೇತುವೆ ಮೇಲಿನ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡವನಿಗೆ ಎರಡೂ ಒಂದೇ. ಕಾಗದದಲ್ಲಿ ಎರಡು, ಹಾರ್ನಿನಲ್ಲಿ ಒಂದು.

ಬಸ್ಸು ಬಿಟ್ಟು ಎಲ್ಲೋ ಹೋದೆ.

ಪಟಾಂಚೆರುವಿನಿಂದ ಮುಂದೆ ರಾಮಚಂದ್ರಾಪುರ, ಅಲ್ಲಿ ಬಿಎಚ್‌ಇಎಲ್, ಆಮೇಲೆ ಚಂದಾನಗರ, ಮಿಯಾಪುರ, ಕುಕಟಪಲ್ಲಿ, ಎರ್ರಗಡ್ಡ, ಅಮೀರಪೇಟ, ಲಕಡಿಕಾಪೂಲ್. ಹೆಸರು ಬದಲಾಗುತ್ತವೆ, ಕಣ್ಣಿಗೆ ಕಾಣುವುದು ಬದಲಾಗುವುದಿಲ್ಲ. ಆದರೆ ಜಿಲ್ಲೆಗಳ ನಕಾಶೆ ಇಟ್ಟುಕೊಂಡು ಕೂತರೆ ತಮಾಷೆ ಇದೆ. ಪಟಾಂಚೆರು ಸಂಗಾರೆಡ್ಡಿ ಜಿಲ್ಲೆ, ಮಿಯಾಪುರ ರಂಗಾರೆಡ್ಡಿ ಜಿಲ್ಲೆ, ಕುಕಟಪಲ್ಲಿ ಮೇಡ್ಚಲ್-ಮಲ್ಕಾಜಗಿರಿ ಜಿಲ್ಲೆ, ಅಮೀರಪೇಟ ಹೈದರಾಬಾದ್ ಜಿಲ್ಲೆ. ಒಂದೇ ರಸ್ತೆ, ಎರಡೂ ಕಡೆ ಒಂದೇ ಥರದ ಸೀರೆ ಅಂಗಡಿ, ಕೋಚಿಂಗ್ ಸೆಂಟರ್, ಬಿರಿಯಾನಿ. ಅಷ್ಟರಲ್ಲೇ ನಾಲ್ಕು ಜಿಲ್ಲೆ. ಬೀದರ್ ಜಿಲ್ಲೆಯಲ್ಲಿ ಔರಾದಿನಿಂದ ಬಸವಕಲ್ಯಾಣಕ್ಕೆ ಹೋದರೂ ಜಿಲ್ಲೆ ಒಂದೇ!

ಮೊದಲ ಸಲ ಹೋಗುವವರಿಗೆ ಉಪಯೋಗಕ್ಕೆ ಬರುವ ಮಾತು ಹೇಳುತ್ತೇನೆ. ಇಮ್ಲಿಬನ್ ತನಕ ಬಸ್ಸಿನಲ್ಲೇ ಕೂರಬೇಡಿ. ಮಿಯಾಪುರದಲ್ಲಿ ಇಳಿದು ಮೆಟ್ರೋ ಹತ್ತಿ. ಕೆಂಪು ಗೆರೆಯ ಮೆಟ್ರೋ ಅಲ್ಲಿಂದಲೇ ಹೊರಡುತ್ತದೆ, ಇಮ್ಲಿಬನ್ ಬಸ್ ಸ್ಟ್ಯಾಂಡಿನ ಪಕ್ಕವೇ ಸ್ಟೇಷನ್ ಇದೆ. ಗಚ್ಚಿಬೌಲಿ, ಹೈಟೆಕ್ ಸಿಟಿ ಕಡೆ ಮಕ್ಕಳಿದ್ದರೆ ಚಂದಾನಗರದ ಹತ್ತಿರ ಇಳಿದು ಲಿಂಗಂಪಲ್ಲಿ ಮೇಲೆ ಹೋಗುವುದು ಹತ್ತಿರ. ಭಾರ ಇದ್ದವರು, ಮೊಣಕಾಲು ನೋವಿದ್ದವರು ರೈಲು ನೋಡಿ. ಬೀದರ್ ರೈಲು ಜಹೀರಾಬಾದ್, ವಿಕಾರಾಬಾದ್ ಮೇಲೆ ಲಿಂಗಂಪಲ್ಲಿಗೆ ಬರುತ್ತದೆ. ಸುತ್ತು ಜಾಸ್ತಿ, ಆದರೆ ಕಾಲು ಚಾಚಬಹುದು.

ಮಿಯಾಪುರದಲ್ಲಿ ನನಗೆ ಇಷ್ಟವಾದದ್ದು ಒಂದಿದೆ. ಮಗಳು ಹೊಸಮನೆಗೆ ಹೋದಾಗ ವಿಳಾಸ ಕೇಳಿದೆ. ಫ್ಲ್ಯಾಟ್ ನಂಬರು, ಕಾಲೊನಿ ಹೆಸರು ಎಲ್ಲ ಹೇಳಿ, ಕೊನೆಗೆ "ಅದೆಲ್ಲ ಬಿಡ್ರಿ ಅಪ್ಪಾಜಿ, ಮೆಟ್ರೋ ಪಿಲ್ಲರ್ ನಂಬರ್ ಹೇಳ್ತೀನಿ, ಅಲ್ಲೇ ಇಳೀರಿ" ಅಂದಳು. ರಸ್ತೆಯ ನಡುವೆ ಮೆಟ್ರೋ ಕಂಬಗಳು, ಒಂದೊಂದರ ಮೇಲೂ ಬಣ್ಣದಲ್ಲಿ ನಂಬರು. ಆಟೋದವನು, ಹಾಲಿನವನು, ಮದುವೆ ಕಾರ್ಡು, ಎಲ್ಲದರಲ್ಲೂ ಆ ನಂಬರೇ. ಯಾವ ಪಾಲಿಕೆ, ಯಾವ ಜಿಲ್ಲೆ ಅಂತ ಯಾರೂ ಕೇಳುವುದಿಲ್ಲ. ಮೊದಲ ದಿನ ಆ ಕಂಬದ ಕೆಳಗೆ ನಿಂತು ಅಂಗೈಯಿಂದ ಸಿಮೆಂಟು ಮುಟ್ಟಿ ನೋಡಿದೆ. ಬಸ್ಸಿನ ಹೊಗೆ ಕೂತು ಮಸಿಯಾಗಿತ್ತು. ಮೇಲೆ ಸಿನಿಮಾ ಪೋಸ್ಟರು ಹರಿದಿತ್ತು, ಅದರ ಕೆಳಗಿಂದ ನಂಬರು ಅರ್ಧ ಕಾಣುತ್ತಿತ್ತು. ನಾನು ಪೋಸ್ಟರಿನ ಅಂಚು ಹಿಡಿದು ಕಿತ್ತು ನಂಬರು ಪೂರ್ತಿ ಕಾಣುವ ಹಾಗೆ ಮಾಡಿದೆ. "ನೌಕರಿ ಮುಗದ್ರೂ ಕಲ್ಲು ತೊಳಿಯೋದು ಬಿಡ್ಲಿಲ್ಲ ನೋಡು" ಅಂತ ನಮ್ಮಾಕೆ ಮಗಳಿಗೆ ಹೇಳಿ ನಕ್ಕಳು. ನಿಜ. ಹೊಲದಲ್ಲೂ ಬಾಂದುಕಲ್ಲು ಸಿಕ್ಕರೆ ಮೊದಲು ಮಣ್ಣು ಕೆರೆದು ಗುರುತು ನೋಡುವುದೇ ಅಭ್ಯಾಸ.

ವಾಪಸ್ ಬರುವ ಬಸ್ಸಿನ ಬಗ್ಗೆ ಜಾಸ್ತಿ ಹೇಳಲು ಏನಿಲ್ಲ. ಸಂಜೆ ಮಿಯಾಪುರದಲ್ಲಿ ನಿಂತರೆ ಸೀಟು ಸಿಗುವುದು ಅದೃಷ್ಟ. ಬೀದರ್ ಬೋರ್ಡು ಕಂಡರೆ ಕೈ ಮಾಡಿ, ನಿಲ್ಲಿಸುತ್ತಾರೆ. ಸಂಗಾರೆಡ್ಡಿ ದಾಟಿದ ಮೇಲೆ ಕತ್ತಲು, ಆಮೇಲೆ ಒಂದು ಸಮಾಧಾನ. ಆದರೆ ಇತ್ತೀಚೆಗೆ ಬೀದರ್ ಹತ್ತಿರ ಬಂದಾಗಲೂ ನನ್ನ ಕಣ್ಣು ಸುಮ್ಮನಿರುವುದಿಲ್ಲ. ಕರೇಜ್, ಅಂದರೆ ನೆಲದಡಿಯ ಹಳೇ ನೀರಿನ ಸುರಂಗ, ಇರುವ ನೌಬಾದ್ ನಾನು ಚಿಕ್ಕವನಿದ್ದಾಗ ಬೇರೆ ಊರು. ನಡುವೆ ಹೊಲ ಇತ್ತು. ಈಗ ಎಲ್ಲಿ ಬೀದರ್ ಮುಗಿದು ನೌಬಾದ್ ಶುರುವಾಗುತ್ತದೆ ಅಂತ ಕೇಳಿದರೆ ಅಲ್ಲಿ 34 ವರ್ಷ ಅಳೆದ ನಾನೇ ತಡವರಿಸುತ್ತೇನೆ. ಆ ಕಂಡಕ್ಟರ್‌ಗೆ ಇದು ಗೊತ್ತಾಗದೆ ಇರಲಿ.

ಶೌಚಾಲಯಕ್ಕೆ ಕಾಲು, ದುಡ್ಡು ವಾಪಸ್ ಕೊಡದ್ದಕ್ಕೆ ಒಂದು, ಸಿಕ್ಕಿಕೊಂಡ ಗಾಜಿಗೆ ಕಾಲು, ಮಿಯಾಪುರದ ನಂತರ ಹಾರ್ನು ಹೊಡೆದದ್ದಕ್ಕೆ ಅರ್ಧ. ಐದರಲ್ಲಿ ಮೂರು ಉಳಿಯಿತು. ಮೂರೂವರೆ ಹೇಗೆ ಬಂತು ಅಂದರೆ, ಅದು ಹೋದ ತಿಂಗಳ ಕತೆ.

ಹೊಸ ಕಂಡಕ್ಟರ್, ಇಪ್ಪತ್ತೈದು ಇಪ್ಪತ್ತಾರರ ಹುಡುಗ. ನಮ್ಮ ಮುಂದಿನ ಸೀಟಿನಲ್ಲಿ ವಯಸ್ಸಾದ ಹೆಣ್ಣುಮಗಳು, ಭಾಲ್ಕಿ ಕಡೆಯವರು. ಒಬ್ಬರೇ ಹೊರಟಿದ್ದರು, ತೊಡೆಯ ಮೇಲೆ ಬಟ್ಟೆ ಕಟ್ಟಿದ ಸ್ಟೀಲ್ ಡಬ್ಬಿ.

"ಹೈದ್ರಾಬಾದ್ ಒಂದ್ ಟಿಕೆಟ್ ಕೊಡಪ್ಪಾ" ಅಂದರು.

ಹುಡುಗ ಮಿಷನ್ ಒತ್ತಲಿಲ್ಲ. "ಯಾವ ಹೈದ್ರಾಬಾದ್ ಆಯೀ? ಪಟಾಂಚೆರು ಅದ, ಬಿಎಚ್‌ಇಎಲ್ ಅದ, ಮಿಯಾಪುರ್ ಅದ, ಕುಕಟಪಲ್ಲಿ ಅದ, ಇಮ್ಲಿಬನ್ ಅದ. ನಿಮ್ಮ ಮಗ ಎಲ್ಲಿರ್ತಾನ?"

ಆಕೆ ಸೆರಗಿನ ಗಂಟು ಬಿಚ್ಚಿ ಒಂದು ಚೀಟಿ ತೆಗೆದು ಕೊಟ್ಟರು. ಹುಡುಗ ಅದನ್ನು ದೀಪದ ಕೆಳಗೆ ಹಿಡಿದು ಓದಿದ. ನಾನೂ ಬಗ್ಗಿ ನೋಡಿದೆ. ಹೆಸರು ಇರಲಿಲ್ಲ, ಕಾಲೊನಿ ಇರಲಿಲ್ಲ. ಒಂದು ಫೋನ್ ನಂಬರು, ಅದರ ಕೆಳಗೆ ಪಿಲ್ಲರ್ ನಂಬರು.

"ಆಯ್ತು ಆಯೀ, ಆ ಕಂಬ ಬಂದ ಕೂಡ್ಲೇ ನಾ ಹೇಳ್ತೀನಿ. ನೀವು ಮಲ್ಕೋರಿ" ಅಂದ. ಮಿಯಾಪುರದಲ್ಲಿ ನಾವು ಇಳಿಯುವಾಗ ಆಕೆ ಇನ್ನೂ ಮಲಗಿದ್ದರು, ಹುಡುಗ ಮುಂದಿನ ಬಾಗಿಲಲ್ಲಿ ಬಗ್ಗಿ ನಿಂತು ಕಂಬಗಳನ್ನು ಎಣಿಸುತ್ತಿದ್ದ.